ತಪ್ಪಕ್ಷರದ ಸಂಬಳ

ನನಗೆ ಕೆಲಸ ಸಿಕ್ಕಿದ್ದು ಅಕ್ಷರದೋಷಕ್ಕೆ.
ಏಳನೇ ಕ್ಲಾಸಿನಲ್ಲಿ ಫಿಲೋಮಿನಾ ಟೀಚರು
ಗೆಣ್ಣಿಗೆ ಹೊಡೆದು ಬಿಡಿಸಿದ ಒಂದೊಂದು ತಪ್ಪಿಗೂ
ಈಗ ತಿಂಗಳಿಗೆ ಹದಿನೆಂಟು ಸಾವಿರ,
ಇ.ಎಸ್.ಐ. ಬೇರೆ.

ಹಂಪನಕಟ್ಟೆ, ಮೂರನೇ ಮಾಳಿಗೆ,
ಕೆಳಗೆ ಕನ್ನಡಕದ ಅಂಗಡಿ.
ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ
ನಮ್ಮ ಹೆಸರಿರಬೇಕಾದಲ್ಲಿ ನಾಲ್ಕು ಮೊಳೆ ಮಾತ್ರ.

ಸಂದರ್ಶನದಲ್ಲಿ ಮೊಂತೇರೊ ಸಾರ್ ಕೇಳಿದ್ದು ಒಂದೇ:
ಬೆಂಗ್ರೆಯ ಹೆಂಗಸು ಸಿಟ್ಟು ಬಂದರೆ ಹೇಗೆ ಬರೆಯುತ್ತಾಳೆ?
ಬರೆದು ತೋರಿಸಿದೆ. ಮಹಾಪ್ರಾಣ ಬಿಟ್ಟೆ,
ಹಕಾರ ಇರಬೇಕಾದಲ್ಲಿ ಅಕಾರ ಕೂರಿಸಿದೆ,
ಪೂರ್ಣವಿರಾಮದ ಬದಲು ಕೈಮುಗಿದ ಗೊಂಬೆ.
ಅವರು ಓದಿ ನಕ್ಕರು. ನಾಳೆಯಿಂದ ಬನ್ನಿ.

ನಾನೀಗ ಮೂವತ್ತೊಂದು ಜನ.
ಕಸಬಾದ ರಿಕ್ಷಾದವ, ಕೂಳೂರಿನ ನಿವೃತ್ತ ಮಾಸ್ತರು,
ದಮ್ಮಾಮಿನಲ್ಲಿರುವ ಹುಡುಗ
(ಇವನಿಗೆ ಶುಕ್ರವಾರ ಮಾತ್ರ ಬಿಡುವು, ಚಾರ್ಟಿನಲ್ಲಿ ಬರೆದಿಟ್ಟಿದ್ದೇನೆ).
ಎಲ್ಲರೂ ಬೇರೆ ಬೇರೆ ಓಣಿಯಿಂದ ನಡೆದು
ಕೊನೆಗೆ ಒಂದೇ ಮಾತಿಗೆ ಬಂದು ಸೇರಬೇಕು:
ಪೈಪಿನಿಂದ ಕಡಲಿಗೆ ಏನೂ ಆಗಿಲ್ಲ.

ಅವರಲ್ಲಿ ನನಗೆ ಇಷ್ಟ ಗಿರಿಜಕ್ಕ.
ಅರವತ್ತೆಂಟು ವರ್ಷ, ಮೊಣಕಾಲು ನೋವು,
ಸೊಸೆಯ ಫೋನಿನಲ್ಲಿ ಕದ್ದು ಬರೆಯುವವಳು.
ಸಮುದ್ರಕ್ಕೆ 'ಸಮುದ್ದರ' ಅನ್ನುತ್ತಾಳೆ.
'ನನ್ನ ಪುಳ್ಳಿ ದಿನಾ ಅಲ್ಲೇ ಮೀಯುವುದು,
ಅವನಿಗೆ ಒಂದು ತುರಿ ಕೂಡ ಇಲ್ಲ'
ಎಂದು ಹೋದ ಆಟಿಯಲ್ಲಿ ಬರೆದಳು.
ಆಟಿಯಲ್ಲಿ ಯಾರು ಕಡಲಿಗಿಳಿದು ಮೀಯುತ್ತಾರೆ?
ಆ ತಪ್ಪನ್ನು ಯಾರೂ ಹಿಡಿಯಲಿಲ್ಲ.

ಅಮ್ಮನೂ ಹಿಡಿಯಲಿಲ್ಲ.
ನಲ್ವತ್ತು ವರ್ಷ ದಕ್ಕೆಯಲ್ಲಿ ಬುಟ್ಟಿ ಹೊತ್ತವಳು,
ಬಂಗುಡೆಯ ಕಿವಿರು ಎತ್ತಿ ನೋಡಿಯೇ
ಯಾವ ದಿನದ್ದೆಂದು ಹೇಳುವವಳು,
ಗಿರಿಜಕ್ಕನ ಮಾತನ್ನು ನನಗೇ ಓದಿ ಹೇಳಿದಳು:
'ಇವಳೊಬ್ಬಳು ಸತ್ಯ ಹೇಳುವುದು ನೋಡು.
ಕಲಿತವರ ಹಾಗೆ ಬರೆಯಲಿಕ್ಕೂ ಬರುವುದಿಲ್ಲ, ಪಾಪ.'
ಊರಿನವರು ಅರ್ಜಿ ಹಿಡಿದು ಅಂಗಳಕ್ಕೆ ಬಂದಾಗ
ಕೈ ಒದ್ದೆ ಉಂಟು, ಮತ್ತೆ ಬನ್ನಿ, ಎಂದಳು.
ಕೈ ಒಣಗಿಯೇ ಇತ್ತು.

ಅಪ್ಪನ ಕಾಲದಲ್ಲಿ ಕೈರಂಪಣಿ ಎಳೆಯುವಾಗ
ಹಗ್ಗಕ್ಕೆ ಬಿದ್ದ ಕೈಯೆಲ್ಲ ಮರಳಿನ ಮೇಲೆ ಕಾಣುತ್ತಿತ್ತು;
ದಾರಿಹೋಕ ಬಂದು ಒಂದು ಜಗ್ಗು ಜಗ್ಗಿದರೂ
ಪಾಲಿನಲ್ಲಿ ಅವನಿಗೊಂದು ಮುಷ್ಟಿ ಬೂತಾಯಿ.
ಈ ಬಲೆಯ ಹಗ್ಗ ಬಾಗಿಲ ಸಂದಿನಿಂದ ಒಳಗೆ ಹೋಗುತ್ತದೆ.
ಒಳಗೆ ಯಾರೆಂದು ಮೀನಿಗೆ ಹೇಗೆ ಗೊತ್ತು,
ಎಳೆಯುವ ನನಗೇ ಗೊತ್ತಿಲ್ಲ.

ಒಬ್ಬ ಮಾತ್ರ ಇದ್ದ. ಹೆಸರಿಲ್ಲ, 'ಅಳಿವೆಬಾಗಿಲು' ಎಂದಷ್ಟೇ.
ರಾತ್ರಿ ಹನ್ನೊಂದರ ತನಕ ಗಿರಿಜಕ್ಕನೊಡನೆ ಜಗಳ:
'ಕಂಪೆನಿ ಸುಳ್ಳು ಹೇಳುತ್ತದೆ ಅಜ್ಜಿ, ಇಲಾಖೆಯ ವರದಿ ಬರಲಿ,
ಅಲ್ಲಿಯವರೆಗೆ ಎಲ್ಲರೂ ಸುಮ್ಮನಿರುವ, ಕಾನೂನು ಉಂಟು.'
ಬೈಸಿಕೊಂಡೂ ನನಗೊಂದು ಬಗೆಯ ಸಮಾಧಾನ:
ಇಷ್ಟು ದೊಡ್ಡ ಊರಲ್ಲಿ ಒಂದಾದರೂ ನಿಜವಾದ ಸಿಟ್ಟು.

ಬುಧವಾರ ಕರೆಂಟು ಹೋಯಿತು. ಎ.ಸಿ. ನಿಂತ ಮೌನದಲ್ಲಿ
ಪ್ಲೈವುಡ್ಡಿನ ಆಚೆಯಿಂದ ಹುಡುಗನೊಬ್ಬನ ಸ್ವರ:
'ಸಾರ್, ಅಳಿವೆಬಾಗಿಲಿಗೆ ಇವತ್ತು ಎಷ್ಟು ಸಿಟ್ಟು ಇಡಬೇಕು?'

ಆ ಕಡೆ ಇಲಾಖೆಯ ಗುತ್ತಿಗೆ, ಈ ಕಡೆ ಕಂಪೆನಿಯದು.
ಕಕ್ಕಸು ಒಂದೇ. ಬಾಡಿಗೆ ಪಡೆಯುವವರೂ ಒಬ್ಬರೇ.
ಮಾರನೆ ದಿನ ನೀರಿನ ಕ್ಯಾನಿನ ಹತ್ತಿರ ಸಿಕ್ಕಿದ,
ಸಫ್ವಾನ್ ಎಂದೇನೋ, ಉಳ್ಳಾಲದವ.
ಲೋಟ ತುಂಬುತ್ತ, ನನ್ನ ಮುಖ ನೋಡದೆ,
ಗಿರಿಜಕ್ಕನ ಮೊಣಕಾಲು ಈಗ ಹೇಗೆ, ಎಂದು ಕೇಳಿದ.

ನಿನ್ನೆ ರಾತ್ರಿ ಎಲ್ಲರೂ ಹೋದ ಮೇಲೆ
ಅವಳ ಹೆಸರಲ್ಲಿ ಎರಡು ಸಾಲು ಬರೆದೆ.
ಮಹಾಪ್ರಾಣಕ್ಕೆ ಮಹಾಪ್ರಾಣ, ಹಕಾರಕ್ಕೆ ಹಕಾರ,
ಫಿಲೋಮಿನಾ ಟೀಚರು ಓದಿದರೂ ಕೆಂಪು ಶಾಯಿ ಬೇಡ:
ಸಮುದ್ರ ಹಾಳಾಗಿದೆ. ನಾನು ಸುಳ್ಳು ಹೇಳಿದ್ದೆ.
ಅರ್ಜಿಗೆ ಸಹಿ ಹಾಕಿ.

ಬೆಳಿಗ್ಗೆ ಗಂಜಿಯ ಎದುರು ಕೂತು ಅಮ್ಮ
ಫೋನನ್ನು ದೂರ ಹಿಡಿದು, ಹತ್ತಿರ ತಂದು, ಎರಡು ಸಲ ಓದಿದಳು.
ಸಮುದ್ರ ಎಂಬಲ್ಲಿ ಬೆರಳಿಟ್ಟು ತುಸು ಹೊತ್ತು ತಡೆದಳು.
'ಇದು ಗಿರಿಜ ಅಲ್ಲ ಮಗಾ,' ಎಂದಳು,
'ಅವಳ ಹೆಸರಲ್ಲಿ ಯಾರೋ ಬರೆಯುತ್ತಿದ್ದಾರೆ.'